ವಿದೇಶಗಳ ಅಂಕಾಧಾರಿತ ವಲಸೆ ಪದ್ಧತಿ: ಅರ್ಜಿದಾರರಿಗೆ ಮಾಹಿತಿ

1. ಪೀಠಿಕೆ

ಕಾಯಂ ವಾಸ ಅಥವಾ ಉದ್ಯೋಗದ ಉದ್ದೇಶದಿಂದ ತಮ್ಮ ದೇಶಕ್ಕೆ ಬರಲಿಚ್ಛಿಸುವ ವೃತ್ತಿನಿರತರನ್ನು ಕೆಲವು ರಾಷ್ಟ್ರಗಳು ಅಂಕಗಳ ಆಧಾರದ ಮೇಲೆ ಆಯ್ಕೆ ಮಾಡುತ್ತವೆ. ಅರ್ಜಿದಾರರ ವಯಸ್ಸು, ವಿದ್ಯಾರ್ಹತೆ, ಭಾಷಾಜ್ಞಾನ, ವೃತ್ತಿ ಅನುಭವ ಮುಂತಾದ ಅಂಶಗಳಿಗೆ ನಿಗದಿತ ಅಂಕಗಳನ್ನು ನೀಡಿ, ಒಟ್ಟು ಅಂಕವನ್ನು ಪರಿಗಣಿಸಿ ತೀರ್ಮಾನ ಕೈಗೊಳ್ಳುವ ಈ ವಿಧಾನಕ್ಕೆ ಅಂಕಾಧಾರಿತ ವಲಸೆ ಪದ್ಧತಿ ಎಂದು ಹೆಸರು. ಕೆನಡಾ ಮತ್ತು ಆಸ್ಟ್ರೇಲಿಯಾ ದೇಶಗಳು ಇದನ್ನು ದೀರ್ಘಕಾಲದಿಂದ ಅನುಸರಿಸುತ್ತಿವೆ. ಬ್ರಿಟನ್, ನ್ಯೂಜಿಲೆಂಡ್ ಮತ್ತು ಜರ್ಮನಿ ದೇಶಗಳಲ್ಲಿ ಬೇರೆ ಬೇರೆ ರೂಪದಲ್ಲಿ ಇದು ಜಾರಿಯಲ್ಲಿದೆ.

ಈ ಪದ್ಧತಿಯ ಬಗ್ಗೆ ಅರ್ಜಿದಾರರಲ್ಲಿ ಕಂಡುಬರುವ ಮುಖ್ಯ ತಪ್ಪು ಗ್ರಹಿಕೆಯೆಂದರೆ, ಕನಿಷ್ಠ ಅಂಕ ದೊರೆತ ಕೂಡಲೇ ವೀಸಾ ದೊರೆಯುತ್ತದೆ ಎಂಬುದು. ಇದನ್ನು ನಂಬಿ ಉದ್ಯೋಗಕ್ಕೆ ರಾಜೀನಾಮೆ ನೀಡುವುದು, ನಿವೇಶನ ಅಥವಾ ಜಮೀನು ಮಾರುವುದು, ಮಧ್ಯವರ್ತಿಗಳಿಗೆ ಮುಂಗಡ ಹಣ ತೆರುವುದು ಕುಟುಂಬಕ್ಕೆ ಭಾರಿ ನಷ್ಟ ತರಬಲ್ಲದು. ವಾಸ್ತವದಲ್ಲಿ ಅರ್ಜಿದಾರರು ಈ ಕೆಳಕಂಡ ಮೂರು ಹಂತಗಳನ್ನು ಒಂದಾದ ಮೇಲೊಂದರಂತೆ ದಾಟಬೇಕಾಗುತ್ತದೆ:

ಅ) ಅರ್ಹತೆ: ನಿಗದಿತ ಕನಿಷ್ಠ ಅಂಕವನ್ನು ಪಡೆದಿರುವುದು.
ಆ) ಶ್ರೇಯಾಂಕ: ಅರ್ಹರಾದ ಇತರ ಅಭ್ಯರ್ಥಿಗಳಿಗೆ ಹೋಲಿಸಿದಾಗ ಆಹ್ವಾನ ದೊರೆಯುವಷ್ಟು ಮೇಲಿನ ಸ್ಥಾನದಲ್ಲಿರುವುದು.
ಇ) ರುಜುವಾತು: ಘೋಷಿಸಿಕೊಂಡ ಪ್ರತಿಯೊಂದು ಅಂಕಕ್ಕೂ ದಾಖಲೆ ಒದಗಿಸುವುದು.

ಈ ಮೂರರ ವ್ಯತ್ಯಾಸವನ್ನು ಉದಾಹರಣೆಯೊಂದಿಗೆ ಮುಂದೆ ವಿವರಿಸಲಾಗಿದೆ. ಬೇರೆ ದಿನಾಂಕ ಸೂಚಿಸದ ಕಡೆಗಳಲ್ಲಿ ಇಲ್ಲಿನ ಅಂಕಗಳು 2025ನೇ ಸಾಲಿನ ಅಂತ್ಯದಲ್ಲಿ ಜಾರಿಯಲ್ಲಿದ್ದ ನಿಯಮಗಳಿಗೆ ಸಂಬಂಧಿಸಿವೆ.

2. ಪದ್ಧತಿಯ ಹಿನ್ನೆಲೆ

ಇಪ್ಪತ್ತನೆಯ ಶತಮಾನದ ಮಧ್ಯಭಾಗದವರೆಗೆ ಕೆನಡಾ ಮತ್ತು ಆಸ್ಟ್ರೇಲಿಯಾ ದೇಶಗಳು ವಲಸಿಗರನ್ನು ಆರಿಸುವಾಗ ಜನಾಂಗ ಮತ್ತು ಮೂಲದೇಶಗಳಿಗೆ ಪ್ರಾಶಸ್ತ್ಯ ನೀಡುತ್ತಿದ್ದವು. ಭಾರತೀಯರಿಗೆ ಅಲ್ಲಿ ಪ್ರವೇಶ ಬಹುಮಟ್ಟಿಗೆ ಮುಚ್ಚಿತ್ತು. ಕೆನಡಾ 1962ರಲ್ಲಿ ಈ ತಾರತಮ್ಯದ ಬಹುಭಾಗವನ್ನು ನಿಯಮಗಳಿಂದ ತೆಗೆದುಹಾಕಿ, 1967ರಲ್ಲಿ ಅಂಕ ಪದ್ಧತಿಯನ್ನು ಜಾರಿಗೆ ತಂದಿತು. ಒಂಬತ್ತು ಅಂಶಗಳಿಗೆ ಒಟ್ಟು 100 ಅಂಕಗಳಿದ್ದು, 50 ಅಂಕ ಪಡೆದವರು ಅರ್ಹರಾಗುತ್ತಿದ್ದರು. ಆಗ ಸಂದರ್ಶನ ನಡೆಸುವ ಅಧಿಕಾರಿಯ ವೈಯಕ್ತಿಕ ಅಭಿಪ್ರಾಯಕ್ಕೂ 15 ಅಂಕಗಳಿದ್ದವು. ಆಸ್ಟ್ರೇಲಿಯಾ 1973ರಲ್ಲಿ ಜನಾಂಗಾಧಾರಿತ ನೀತಿಯನ್ನು ಕೈಬಿಟ್ಟು, 1979ರಲ್ಲಿ ಅಂಕ ಪದ್ಧತಿಯನ್ನು ಅಳವಡಿಸಿಕೊಂಡಿತು. ನ್ಯೂಜಿಲೆಂಡ್ 1991ರಲ್ಲಿ ಇದೇ ಮಾರ್ಗವನ್ನು ಅನುಸರಿಸಿತು.

ಆರಂಭದ ಪದ್ಧತಿಯಲ್ಲಿ ಕನಿಷ್ಠ ಅಂಕ ಪಡೆದವರ ಅರ್ಜಿಗಳನ್ನು ಸರತಿಯ ಮೇರೆಗೆ ಪರಿಶೀಲಿಸಲಾಗುತ್ತಿತ್ತು. ಅರ್ಜಿಗಳ ಸಂಖ್ಯೆ ಪ್ರತಿವರ್ಷದ ಮಿತಿಯನ್ನು ಮೀರಿದಂತೆ ಸರತಿಯೂ ಬೆಳೆಯಿತು. ಕೆನಡಾದಲ್ಲಿ ಇದು ಎಷ್ಟು ಹೆಚ್ಚಿತೆಂದರೆ, 2008ರ ಫೆಬ್ರವರಿ 27ಕ್ಕೆ ಮೊದಲು ಸಲ್ಲಿಕೆಯಾಗಿ 2012ರ ಮಾರ್ಚ್ 29ರೊಳಗೆ ಆಯ್ಕೆಯ ನಿರ್ಣಯವಾಗದೇ ಉಳಿದಿದ್ದ ನುರಿತ ಕೆಲಸಗಾರರ ಅರ್ಜಿಗಳನ್ನು ಅಲ್ಲಿನ ಸಂಸತ್ತು 2012ರ ಕಾಯ್ದೆಯ ಮೂಲಕ ರದ್ದುಪಡಿಸಿ, ಶುಲ್ಕ ಹಿಂದಿರುಗಿಸಲು ಕ್ರಮ ಕೈಗೊಂಡಿತು. ಕುಟುಂಬ ಸದಸ್ಯರೂ ಸೇರಿ ಸುಮಾರು 2,80,000 ಜನರಿಗೆ ಇದರಿಂದ ಬಾಧೆಯಾಯಿತು. ಹಲವು ವರ್ಷ ಕಾದಿದ್ದವರಿಗೆ ದೊರೆತದ್ದು ಶುಲ್ಕ ಮಾತ್ರ. ಕಳೆದುಹೋದ ವಯಸ್ಸಿನ ಅಂಕಗಳು ಮರಳಿ ದೊರೆಯಲಿಲ್ಲ.

ಸರತಿ ಬೆಳೆಯುವುದನ್ನು ತಪ್ಪಿಸಲು ನ್ಯೂಜಿಲೆಂಡ್ 2003ರಲ್ಲಿ, ಆಸ್ಟ್ರೇಲಿಯಾ 2012ರಲ್ಲಿ ಮತ್ತು ಕೆನಡಾ 2015ರಲ್ಲಿ ಆಹ್ವಾನ ಕ್ರಮವನ್ನು ಜಾರಿಗೆ ತಂದವು. ಈ ಕ್ರಮದಲ್ಲಿ ಅಭ್ಯರ್ಥಿಯು ಮೊದಲು ತನ್ನ ವಿವರಗಳನ್ನು ನೋಂದಾಯಿಸಿ ಪಟ್ಟಿಯಲ್ಲಿ ಸೇರುತ್ತಾನೆ ಅಥವಾ ಸೇರುತ್ತಾಳೆ. ಸರ್ಕಾರವು ಕಾಲಕಾಲಕ್ಕೆ ಹೆಚ್ಚು ಅಂಕವುಳ್ಳವರನ್ನು ಆರಿಸಿ, ಅರ್ಜಿ ಸಲ್ಲಿಸುವಂತೆ ಆಹ್ವಾನಿಸುತ್ತದೆ. ಆದುದರಿಂದ ಪಟ್ಟಿಗೆ ಸೇರಿದ ಮಾತ್ರಕ್ಕೆ ಅರ್ಜಿ ಸಲ್ಲಿಕೆಯಾದಂತೆ ಆಗುವುದಿಲ್ಲ.

3. ಕೆನಡಾ: ಅರ್ಹತಾ ಅಂಕಗಳು

ಕೆನಡಾದ ಎಕ್ಸ್‌ಪ್ರೆಸ್ ಎಂಟ್ರಿ ವ್ಯವಸ್ಥೆಯು 2015ರ ಜನವರಿ 1ರಿಂದ ಜಾರಿಯಲ್ಲಿದೆ. ಕೆಬೆಕ್ ಪ್ರಾಂತ್ಯವು ತನ್ನ ವಲಸಿಗರನ್ನು ಪ್ರತ್ಯೇಕವಾಗಿ ಆರಿಸಿಕೊಳ್ಳುವುದರಿಂದ ಈ ವ್ಯವಸ್ಥೆಗೆ ಒಳಪಡುವುದಿಲ್ಲ. ಭಾರತದಿಂದ ನೇರವಾಗಿ ಪ್ರಯತ್ನಿಸುವ ಬಹುತೇಕ ಪದವೀಧರರಿಗೆ ಅನ್ವಯಿಸುವುದು ಇದರಡಿಯ ಫೆಡರಲ್ ನುರಿತ ಕೆಲಸಗಾರರ ಯೋಜನೆ. ಇದರ ಅರ್ಹತಾ ಅಂಕಗಳ ಹಂಚಿಕೆ ಈ ಕೆಳಕಂಡಂತಿದೆ:

ಭಾಷೆ: ಗರಿಷ್ಠ 28
ವಿದ್ಯಾರ್ಹತೆ: ಗರಿಷ್ಠ 25
ವೃತ್ತಿ ಅನುಭವ: ಗರಿಷ್ಠ 15
ವಯಸ್ಸು: ಗರಿಷ್ಠ 12
ಕೆನಡಾದಲ್ಲಿ ನಿಶ್ಚಿತ ಉದ್ಯೋಗ: 10
ಹೊಂದಿಕೊಳ್ಳುವ ಸಾಮರ್ಥ್ಯ: ಗರಿಷ್ಠ 10
ಒಟ್ಟು: 100. ಅರ್ಹತೆಗೆ ಬೇಕಾದ ಕನಿಷ್ಠ ಅಂಕ: 67

ಭಾಷಾ ಪರೀಕ್ಷೆಯ ಫಲಿತಾಂಶವನ್ನು ಕೆನಡಾದ ಭಾಷಾ ಮಾನದಂಡವಾದ ಸಿಎಲ್‌ಬಿ ಹಂತಗಳಿಗೆ ಪರಿವರ್ತಿಸಲಾಗುತ್ತದೆ. ಆಲಿಸುವಿಕೆ, ಓದು, ಬರವಣಿಗೆ ಮತ್ತು ಮಾತು ಈ ನಾಲ್ಕೂ ವಿಭಾಗಗಳಲ್ಲಿ ಕನಿಷ್ಠ 7ನೇ ಹಂತ ಕಡ್ಡಾಯ. ಒಂದು ವಿಭಾಗದಲ್ಲಿ ಕಡಿಮೆ ಬಂದರೂ, ಉಳಿದ ಮೂರರಲ್ಲಿ ಎಷ್ಟೇ ಹೆಚ್ಚು ಬಂದಿದ್ದರೂ, ಈ ಯೋಜನೆಯಡಿ ಅರ್ಹತೆ ಇರುವುದಿಲ್ಲ.

ಉದಾಹರಣೆ: 31 ವರ್ಷದ ಅವಿವಾಹಿತ ಅರ್ಜಿದಾರರೊಬ್ಬರು ನಾಲ್ಕು ವರ್ಷದ ಎಂಜಿನಿಯರಿಂಗ್ ಪದವಿ ಮತ್ತು ಐದು ವರ್ಷದ ಅನುಭವ ಹೊಂದಿದ್ದಾರೆ ಎಂದಿಟ್ಟುಕೊಳ್ಳಬಹುದು. ಕೆನಡಾದಲ್ಲಿ ಬಂಧುಗಳಾಗಲಿ ಉದ್ಯೋಗವಾಗಲಿ ಇಲ್ಲ. ಅವರಿಗೆ ಪದವಿಗೆ 21, ಅನುಭವಕ್ಕೆ 13 ಮತ್ತು ವಯಸ್ಸಿಗೆ 12 ಅಂಕ ದೊರೆತು, ಭಾಷೆಯನ್ನು ಬಿಟ್ಟು ಒಟ್ಟು 46 ಆಗುತ್ತದೆ. ಭಾಷೆಯ ಅಂಕ ಸೇರಿದ ಮೇಲೆ ಫಲಿತಾಂಶ ಹೀಗಿರುತ್ತದೆ:

ನಾಲ್ಕೂ ವಿಭಾಗಗಳಲ್ಲಿ 7ನೇ ಹಂತ: 16 ಸೇರಿ 62. ಅರ್ಹರಲ್ಲ.
ನಾಲ್ಕೂ ವಿಭಾಗಗಳಲ್ಲಿ 8ನೇ ಹಂತ: 20 ಸೇರಿ 66. ಒಂದು ಅಂಕದಿಂದ ಅನರ್ಹರು.
ನಾಲ್ಕೂ ವಿಭಾಗಗಳಲ್ಲಿ 9ನೇ ಹಂತ: 24 ಸೇರಿ 70. ಅರ್ಹರು.

66 ಅಂಕದಲ್ಲಿ ನಿಂತ ಅರ್ಜಿದಾರರಿಗೆ ಆರು ವರ್ಷದ ಅನುಭವ ಪೂರ್ಣಗೊಂಡ ಮೇಲೆ ಅನುಭವದ ಅಂಕ 15ಕ್ಕೆ ಏರಿ, ಒಟ್ಟು 68 ಆಗುತ್ತದೆ. ಆದರೆ ಇದು ಅರ್ಹತೆಗೆ ಮಾತ್ರ ಸಾಕು. ಆಹ್ವಾನಕ್ಕೆ ಬೇಕಾದುದು ಬೇರೆಯೇ ಲೆಕ್ಕ.

4. ಕೆನಡಾ: ಶ್ರೇಯಾಂಕ

ಅರ್ಹರೆಂದು ಪಟ್ಟಿಗೆ ಸೇರಿದವರಿಗೆ ಸಮಗ್ರ ಶ್ರೇಣೀಕರಣ ವ್ಯವಸ್ಥೆ, ಅಂದರೆ ಸಿಆರ್‌ಎಸ್, ಪ್ರಕಾರ 1,200ಕ್ಕೆ ಅಂಕ ನೀಡಲಾಗುತ್ತದೆ. ಇದರಲ್ಲಿ 600 ಅಂಕಗಳು ವಯಸ್ಸು, ಶಿಕ್ಷಣ, ಭಾಷೆ, ಅನುಭವ ಹಾಗೂ ಇವುಗಳ ಪರಸ್ಪರ ಸಂಯೋಜನೆಗೆ ಮೀಸಲು. ಉಳಿದ 600 ಹೆಚ್ಚುವರಿ ಅಂಕಗಳಾಗಿದ್ದು, ಪ್ರಾಂತೀಯ ಸರ್ಕಾರವೊಂದರ ನಾಮನಿರ್ದೇಶನ ದೊರೆತವರಿಗೆ ಆ 600 ಅಂಕಗಳೂ ಒಮ್ಮೆಲೇ ಸೇರುತ್ತವೆ.

ಮೇಲಿನ ಉದಾಹರಣೆಯ ಅರ್ಜಿದಾರರಿಗೆ ಈ ಲೆಕ್ಕದಲ್ಲಿ ವಯಸ್ಸಿಗೆ 99 ಮತ್ತು ಪದವಿಗೆ 120 ಅಂಕ ದೊರೆಯುತ್ತದೆ. ನಾಲ್ಕೂ ವಿಭಾಗಗಳಲ್ಲಿ ಭಾಷೆ 8ನೇ ಹಂತದಲ್ಲಿದ್ದರೆ ಭಾಷೆಗೆ 92, ಸಂಯೋಜನೆಗೆ 38 ಸೇರಿ ಒಟ್ಟು 349. 9ನೇ ಹಂತದಲ್ಲಿದ್ದರೆ ಭಾಷೆಗೆ 124, ಸಂಯೋಜನೆಗೆ 75 ಸೇರಿ ಒಟ್ಟು 418. ಐಇಎಲ್‌ಟಿಎಸ್ ಪರೀಕ್ಷೆಯಲ್ಲಿ ಈ ಎರಡು ಹಂತಗಳ ನಡುವಿನ ಅಂತರ ಪ್ರತಿ ವಿಭಾಗದಲ್ಲೂ ಅರ್ಧ ಬ್ಯಾಂಡ್ ಮಾತ್ರ: 8ನೇ ಹಂತಕ್ಕೆ ಆಲಿಸುವಿಕೆಯಲ್ಲಿ 7.5 ಮತ್ತು ಉಳಿದವುಗಳಲ್ಲಿ 6.5, 9ನೇ ಹಂತಕ್ಕೆ ಆಲಿಸುವಿಕೆಯಲ್ಲಿ 8 ಮತ್ತು ಉಳಿದವುಗಳಲ್ಲಿ 7. ಈ ಅರ್ಧ ಬ್ಯಾಂಡಿನಿಂದ 69 ಅಂಕಗಳ ವ್ಯತ್ಯಾಸವಾಗುತ್ತದೆ. ಆದುದರಿಂದ ಬಹುತೇಕ ಅರ್ಜಿದಾರರಿಗೆ ಅಂಕ ಹೆಚ್ಚಿಸಿಕೊಳ್ಳಲು ಅತಿ ಕಡಿಮೆ ವೆಚ್ಚದ ಮಾರ್ಗವೆಂದರೆ ಸರಿಯಾದ ಸಿದ್ಧತೆಯೊಂದಿಗೆ ಭಾಷಾ ಪರೀಕ್ಷೆಯನ್ನು ಮತ್ತೊಮ್ಮೆ ಬರೆಯುವುದು.

ಅರ್ಜಿದಾರರು ಗಮನಿಸಬೇಕಾದ ಇತರ ಅಂಶಗಳು:

ಅ) ವಯಸ್ಸು: 20ರಿಂದ 29 ವರ್ಷದ ಅವಿವಾಹಿತರಿಗೆ ಪೂರ್ಣ 110 ಅಂಕ. ನಂತರ ಪ್ರತಿ ಹುಟ್ಟುಹಬ್ಬಕ್ಕೂ ಅಂಕ ಇಳಿಯುತ್ತದೆ. 31ಕ್ಕೆ 99, 35ಕ್ಕೆ 77, 40ಕ್ಕೆ 50, 45 ಮತ್ತು ಮೇಲ್ಪಟ್ಟವರಿಗೆ ಸೊನ್ನೆ.

ಆ) ವಿದೇಶಿ ಅನುಭವ: ಕೆನಡಾದ ಹೊರಗಿನ ಅನುಭವಕ್ಕೆ ಮೂರು ವರ್ಷಗಳ ನಂತರ ಶ್ರೇಯಾಂಕ ಹೆಚ್ಚುವುದಿಲ್ಲ. ಭಾರತದಲ್ಲಿ ಇನ್ನಷ್ಟು ವರ್ಷ ಕೆಲಸ ಮಾಡಿ ನಂತರ ಪ್ರಯತ್ನಿಸಿದರೆ ಅಂಕ ಏರುವುದೆಂಬ ಲೆಕ್ಕಾಚಾರ ಸರಿಯಲ್ಲ. ಅನುಭವದ ಅಂಕ ಅಲ್ಲಿಯೇ ನಿಲ್ಲುತ್ತದೆ, ವಯಸ್ಸಿನ ಅಂಕ ಇಳಿಯುತ್ತ ಹೋಗುತ್ತದೆ.

ಇ) ಸ್ನಾತಕೋತ್ತರ ಪದವಿ: 9ನೇ ಭಾಷಾ ಹಂತವಿರುವ ಮೇಲಿನ ಅರ್ಜಿದಾರರಿಗೆ ಇದರಿಂದ 40 ಅಂಕ ಹೆಚ್ಚುತ್ತದೆ. ಆದರೆ ವ್ಯಾಸಂಗ ಮುಗಿಯುವ ವೇಳೆಗೆ 33 ವರ್ಷ ತುಂಬಿದ್ದರೆ ವಯಸ್ಸಿನಲ್ಲಿ 11 ಅಂಕ ಕಡಿಮೆಯಾಗಿ, ನಿವ್ವಳ ಲಾಭ 29 ಅಂಕ ಮಾತ್ರ.

ಈ) ಫ್ರೆಂಚ್ ಭಾಷೆ: ಫ್ರೆಂಚ್‌ನ ನಾಲ್ಕೂ ವಿಭಾಗಗಳಲ್ಲಿ 7ನೇ ಹಂತ ತಲುಪಿದಲ್ಲಿ ಮೇಲಿನ ಅರ್ಜಿದಾರರಿಗೆ ಎರಡನೆಯ ಭಾಷೆಯೆಂದು 12 ಮತ್ತು ಹೆಚ್ಚುವರಿಯಾಗಿ 50, ಒಟ್ಟು 62 ಅಂಕ ಸೇರುತ್ತದೆ. ಜೊತೆಗೆ ಫ್ರೆಂಚ್ ಬಲ್ಲವರಿಗಾಗಿ ನಡೆಯುವ ಪ್ರತ್ಯೇಕ ಸುತ್ತುಗಳಿಗೂ ಅವರು ಅರ್ಹರಾಗುತ್ತಾರೆ. ಆದರೆ ಈ ಮಟ್ಟವನ್ನು ಮುಟ್ಟಲು ದೀರ್ಘಕಾಲದ ಕಲಿಕೆ ಅಗತ್ಯ.

ಉ) ಉದ್ಯೋಗ ಪತ್ರ: ಕೆನಡಾದ ಉದ್ಯೋಗದಾತರ ಪತ್ರಕ್ಕೆ ಹಿಂದೆ ನೀಡುತ್ತಿದ್ದ 50 ಅಥವಾ 200 ಶ್ರೇಯಾಂಕಗಳನ್ನು 2025ರ ಮಾರ್ಚ್ 25ರಿಂದ ತೆಗೆದುಹಾಕಲಾಗಿದೆ. ಉದ್ಯೋಗ ಪತ್ರಗಳ ಅಕ್ರಮ ಮಾರಾಟ ಇದಕ್ಕೆ ಒಂದು ಕಾರಣವಾಗಿತ್ತು. ಶ್ರೇಯಾಂಕ ಹೆಚ್ಚಿಸುವುದಾಗಿ ಹೇಳಿ ಇಂತಹ ಪತ್ರವನ್ನು ಮಾರಲು ಬರುವವರನ್ನು ನಂಬಬಾರದು.

5. ಆಹ್ವಾನದ ಕನಿಷ್ಠ ಅಂಕ ಏಕೆ ಬದಲಾಗುತ್ತದೆ

ಶ್ರೇಯಾಂಕದ ಕನಿಷ್ಠ ಮಟ್ಟವನ್ನು ಮೊದಲೇ ನಿಗದಿಪಡಿಸುವುದಿಲ್ಲ. ಒಂದು ಸುತ್ತಿನಲ್ಲಿ ಎಷ್ಟು ಜನರನ್ನು ಕರೆಯಲಾಗುತ್ತದೆಯೋ, ಅವರಲ್ಲಿ ಕೊನೆಯವರ ಅಂಕವೇ ಆ ಸುತ್ತಿನ ಕನಿಷ್ಠ ಅಂಕ. 2021ರ ಫೆಬ್ರವರಿ 13ರಂದು, ಕೋವಿಡ್ ಕಾಲದ ಪ್ರಯಾಣ ನಿರ್ಬಂಧಗಳ ನಡುವೆ, ಕೆನಡಾದಲ್ಲಿ ಅನುಭವ ಪಡೆದವರಿಗಾಗಿ ನಡೆದ ಸುತ್ತಿನಲ್ಲಿ 27,332 ಜನರನ್ನು ಕರೆದಾಗ ಈ ಮಟ್ಟ 75ಕ್ಕೆ ಇಳಿದಿತ್ತು. 2025ರಲ್ಲಿ ಅದೇ ವರ್ಗದ ಸುತ್ತುಗಳಲ್ಲಿ ಅದು 500ರ ಮೇಲೆಯೇ ಇತ್ತು. ಅದೇ ವರ್ಷದ ಮಾರ್ಚ್‌ನಲ್ಲಿ ಫ್ರೆಂಚ್ ಬಲ್ಲವರ ಒಂದು ಸುತ್ತಿನಲ್ಲಿ 379 ಅಂಕವಿದ್ದವರಿಗೂ ಆಹ್ವಾನ ದೊರೆಯಿತು. 2023ರಿಂದ ಭಾಷೆ ಮತ್ತು ವೃತ್ತಿಗಳ ಆಧಾರದ ಪ್ರತ್ಯೇಕ ಸುತ್ತುಗಳು ನಡೆಯುತ್ತಿದ್ದು, ಯಾವ ವೃತ್ತಿಗಳನ್ನು ಸೇರಿಸಬೇಕೆಂಬುದನ್ನು ಅಲ್ಲಿನ ಸರ್ಕಾರ ಪರಿಷ್ಕರಿಸುತ್ತಿರುತ್ತದೆ.

ಮೇಲಿನ ಉದಾಹರಣೆಯ ಅರ್ಜಿದಾರರು 67ಕ್ಕೆ ಬದಲಾಗಿ 70 ಅಂಕ ಪಡೆದು ಅರ್ಹರಾಗಿದ್ದರೂ, 418 ಶ್ರೇಯಾಂಕದೊಂದಿಗೆ 500ರ ಮೇಲಿನ ಸುತ್ತಿನಲ್ಲಿ ಅವರಿಗೆ ಆಹ್ವಾನ ದೊರೆಯುವುದಿಲ್ಲ. ಇದೇ ಅರ್ಹತೆಗೂ ಆಯ್ಕೆಗೂ ಇರುವ ವ್ಯತ್ಯಾಸ. ಪಟ್ಟಿಯಲ್ಲಿನ ನೋಂದಣಿ 12 ತಿಂಗಳವರೆಗೆ ಊರ್ಜಿತವಾಗಿರುತ್ತದೆ. ಆ ಅವಧಿಯಲ್ಲಿ ಆಹ್ವಾನ ಬಾರದಿದ್ದಲ್ಲಿ ಹೊಸದಾಗಿ ನೋಂದಾಯಿಸಬಹುದು. ಆಹ್ವಾನ ಬಂದ ಮೇಲೆ ಸಂಪೂರ್ಣ ಅರ್ಜಿ ಸಲ್ಲಿಸಲು 60 ದಿನಗಳ ಕಾಲಾವಕಾಶವಿರುತ್ತದೆ.

6. ಆಸ್ಟ್ರೇಲಿಯಾ

ಆಸ್ಟ್ರೇಲಿಯಾದ ಸ್ಕಿಲ್‌ಸೆಲೆಕ್ಟ್ ವ್ಯವಸ್ಥೆಯು 2012ರ ಜುಲೈ 1ರಿಂದ ಜಾರಿಯಲ್ಲಿದೆ. 189, 190 ಮತ್ತು 491 ಎಂಬ ವೀಸಾ ವರ್ಗಗಳಿಗೆ ಕನಿಷ್ಠ 65 ಅಂಕ ಬೇಕು. 190ನೇ ವರ್ಗಕ್ಕೆ ಅಲ್ಲಿನ ರಾಜ್ಯವೊಂದರ ನಾಮನಿರ್ದೇಶನ ಅಗತ್ಯವಿದ್ದು, ಅದಕ್ಕೆ 5 ಅಂಕ ಸೇರುತ್ತದೆ. ನಿಗದಿತ ಪ್ರಾದೇಶಿಕ ಸ್ಥಳಗಳಲ್ಲಿ ವಾಸಿಸಬೇಕಾದ 491ನೇ ತಾತ್ಕಾಲಿಕ ವೀಸಾ ವರ್ಗಕ್ಕೆ ನಾಮನಿರ್ದೇಶನದಿಂದ 15 ಅಂಕ ಸೇರುತ್ತದೆ.

ವಯಸ್ಸಿನ ಅಂಕಗಳು: 18ರಿಂದ 24 ವರ್ಷಕ್ಕೆ 25, 25ರಿಂದ 32ಕ್ಕೆ 30, 33ರಿಂದ 39ಕ್ಕೆ 25, 40ರಿಂದ 44ಕ್ಕೆ 15. ಆಹ್ವಾನದ ದಿನದಂದು 45 ವರ್ಷ ತುಂಬಿರಬಾರದು. ಐಇಎಲ್‌ಟಿಎಸ್‌ನ ಪ್ರತಿ ವಿಭಾಗದಲ್ಲಿ 7 ಬಂದಲ್ಲಿ 10 ಅಂಕ, 8 ಬಂದಲ್ಲಿ 20 ಅಂಕ. ಪದವಿಗೆ 15, ಡಾಕ್ಟರೇಟ್‌ಗೆ 20. ವಿದೇಶಿ ಅನುಭವಕ್ಕೆ ಮೂರು ವರ್ಷ ತುಂಬಿದ್ದರೆ 5, ಐದು ವರ್ಷ ತುಂಬಿದ್ದರೆ 10, ಎಂಟು ವರ್ಷ ತುಂಬಿದ್ದರೆ 15. ಅವಿವಾಹಿತರಿಗೆ 10 ಅಂಕವಿದ್ದು, ವಿವಾಹಿತರಿಗೆ ಸಂಗಾತಿಯ ವೃತ್ತಿ ಕೌಶಲ ಮತ್ತು ಇಂಗ್ಲಿಷ್ ಜ್ಞಾನವನ್ನು ಅವಲಂಬಿಸಿ 10 ಅಥವಾ 5 ಅಂಕ ದೊರೆಯುತ್ತದೆ.

ಕೆನಡಾದ ಕ್ರಮಕ್ಕಿಂತ ಇಲ್ಲಿನ ಮುಖ್ಯ ವ್ಯತ್ಯಾಸ ವೃತ್ತಿ ಕೌಶಲದ ಮೌಲ್ಯಮಾಪನ. ಅರ್ಜಿದಾರರ ವೃತ್ತಿಯು ಆ ದೇಶದ ಪಟ್ಟಿಯಲ್ಲಿರಬೇಕು ಮತ್ತು ಆ ವೃತ್ತಿಗೆ ಗೊತ್ತುಪಡಿಸಿದ ಸಂಸ್ಥೆಯಿಂದ ಅನುಕೂಲಕರ ವರದಿ ಪಡೆದಿರಬೇಕು. ಎಂಜಿನಿಯರುಗಳಿಗೆ ಎಂಜಿನಿಯರ್ಸ್ ಆಸ್ಟ್ರೇಲಿಯಾ, ಮಾಹಿತಿ ತಂತ್ರಜ್ಞಾನದವರಿಗೆ ಆಸ್ಟ್ರೇಲಿಯನ್ ಕಂಪ್ಯೂಟರ್ ಸೊಸೈಟಿ ಈ ಕಾರ್ಯ ನಿರ್ವಹಿಸುತ್ತವೆ. ವೃತ್ತಿಯಲ್ಲಿ ನುರಿತ ಮಟ್ಟಕ್ಕೆ ಬರಲು ಬೇಕಾದ ಆರಂಭದ ವರ್ಷಗಳನ್ನು ಮೌಲ್ಯಮಾಪನ ಸಂಸ್ಥೆಯು ಅನುಭವದಿಂದ ಕಳೆಯಬಹುದು. ಐದು ವರ್ಷ ಅನುಭವವಿದ್ದವರಿಗೆ ಎರಡು ವರ್ಷ ಕಳೆದಲ್ಲಿ ಅಂಕ 10ರಿಂದ 5ಕ್ಕೆ ಇಳಿಯುತ್ತದೆ. ಈ ವರದಿ ಕೈಸೇರುವ ಮೊದಲೇ ಅಂಕ ಘೋಷಿಸಿಕೊಂಡು, ನಂತರ ರುಜುವಾತು ಮಾಡಲಾಗದೆ ವೀಸಾ ನಿರಾಕರಣೆಯಾದಲ್ಲಿ ಶುಲ್ಕ ಸಾಮಾನ್ಯವಾಗಿ ಹಿಂದಿರುಗುವುದಿಲ್ಲ. 65 ಅಂಕ ಇಲ್ಲಿಯೂ ಅರ್ಹತೆಯ ಮಿತಿ ಮಾತ್ರ. ಬೇಡಿಕೆ ಹೆಚ್ಚಿರುವ ವೃತ್ತಿಗಳಲ್ಲಿ ಆಹ್ವಾನಕ್ಕೆ ಇದಕ್ಕಿಂತ ಹೆಚ್ಚು ಅಂಕ ಬೇಕಾಗುತ್ತದೆ.

7. ಬ್ರಿಟನ್, ನ್ಯೂಜಿಲೆಂಡ್ ಮತ್ತು ಜರ್ಮನಿ

ಬ್ರಿಟನ್: ಇಲ್ಲಿ ಅಂಕ ಪದ್ಧತಿ ಎಂಬ ಹೆಸರಿದ್ದರೂ ಉದ್ಯೋಗದಾತರ ಪ್ರಾಯೋಜಕತ್ವವೇ ಆಧಾರ. 2020ರ ಡಿಸೆಂಬರ್ 1ರಿಂದ ಜಾರಿಯಲ್ಲಿರುವ ನುರಿತ ಕೆಲಸಗಾರರ ವೀಸಾಕ್ಕೆ 70 ಅಂಕ ಬೇಕು. ಪರವಾನಗಿ ಹೊಂದಿದ ಉದ್ಯೋಗದಾತರ ಉದ್ಯೋಗಕ್ಕೆ 20, ಉದ್ಯೋಗದ ಮಟ್ಟಕ್ಕೆ 20 ಮತ್ತು ಇಂಗ್ಲಿಷ್‌ಗೆ 10, ಈ 50 ಅಂಕಗಳು ಕಡ್ಡಾಯ. ಉಳಿದ 20 ಅಂಕಗಳು ಮುಖ್ಯವಾಗಿ ವೇತನಕ್ಕೆ ಸಂಬಂಧಿಸಿವೆ. 2025ರ ಜುಲೈ 22ರಿಂದ ಸಾಮಾನ್ಯ ವೇತನ ಮಿತಿಯನ್ನು ವಾರ್ಷಿಕ 41,700 ಪೌಂಡ್‌ಗಳಿಗೆ ಏರಿಸಲಾಯಿತು. ಉದ್ಯೋಗವಿಲ್ಲದೆ ವಿದ್ಯಾರ್ಹತೆ ಮತ್ತು ವಯಸ್ಸಿನಿಂದ ಮಾತ್ರ ಈ ವೀಸಾಕ್ಕೆ ಅಂಕ ಗಳಿಸಲಾಗದು.

ನಿಯಮಗಳು ನಡುವೆಯೇ ಬದಲಾಗಬಹುದೆಂಬುದಕ್ಕೂ ಬ್ರಿಟನ್ ನಿದರ್ಶನವಾಗಿದೆ. 2002ರಲ್ಲಿ ಆರಂಭವಾದ ಅತಿ ನುರಿತ ವಲಸಿಗರ ಯೋಜನೆಯಡಿ ಭಾರತೀಯರೂ ಸೇರಿದಂತೆ ಅನೇಕರು ಅಲ್ಲಿಗೆ ತೆರಳಿ ನೆಲೆಸಿದ್ದರು. 2006ರ ನವೆಂಬರ್‌ನಲ್ಲಿ ನಿಯಮ ಬದಲಿಸಿ, ಈಗಾಗಲೇ ಅಲ್ಲಿದ್ದವರೂ ಅವಧಿ ವಿಸ್ತರಣೆಗೆ ಹೊಸ ಅಂಕ ಪರೀಕ್ಷೆಯಲ್ಲಿ ತೇರ್ಗಡೆಯಾಗಬೇಕೆಂದು ವಿಧಿಸಲಾಯಿತು. ವಲಸಿಗರ ಸಂಘಟನೆ ಹೂಡಿದ ಮೊಕದ್ದಮೆಯಲ್ಲಿ ಅಲ್ಲಿನ ಹೈಕೋರ್ಟ್ 2008ರ ಏಪ್ರಿಲ್‌ನಲ್ಲಿ, ಮೊದಲೇ ಬಂದವರಿಗೆ ಹೊಸ ನಿಯಮ ಅನ್ವಯಿಸಿದ್ದು ಕಾನೂನುಬಾಹಿರವೆಂದು ತೀರ್ಪಿತ್ತಿತು.

ನ್ಯೂಜಿಲೆಂಡ್: 2023ರ ಅಕ್ಟೋಬರ್‌ನಲ್ಲಿ ಹಳೆಯ ಪದ್ಧತಿಯನ್ನು ಬದಲಿಸಿ ಆರು ಅಂಕಗಳ ಸರಳ ಕ್ರಮವನ್ನು ತರಲಾಯಿತು. ವೃತ್ತಿ ನೋಂದಣಿ, ವಿದ್ಯಾರ್ಹತೆ ಅಥವಾ ಆದಾಯ ಇವುಗಳಲ್ಲಿ ಒಂದಕ್ಕೆ 3ರಿಂದ 6 ಅಂಕವಿದ್ದು, ಕೊರತೆಯಾದಲ್ಲಿ ಆ ದೇಶದಲ್ಲಿನ ಕೆಲಸದ ಅನುಭವದಿಂದ ಭರ್ತಿ ಮಾಡಿಕೊಳ್ಳಬಹುದು. ಮಾನ್ಯತೆ ಪಡೆದ ಉದ್ಯೋಗದಾತರ ಬಳಿ ಉದ್ಯೋಗ ಅಥವಾ ಉದ್ಯೋಗದ ಪತ್ರ ಅಗತ್ಯ.

ಜರ್ಮನಿ: 2024ರ ಜೂನ್ 1ರಿಂದ ಜಾರಿಗೆ ಬಂದ ಅವಕಾಶ ಕಾರ್ಡ್‌ಗೆ ಕನಿಷ್ಠ ಆರು ಅಂಕ ಬೇಕಾಗುತ್ತದೆ. ಇದು ಒಂದು ವರ್ಷದವರೆಗೆ ಉದ್ಯೋಗ ಹುಡುಕಲು ನೀಡುವ ಅನುಮತಿಯೇ ಹೊರತು ಕಾಯಂ ವಾಸದ ಹಕ್ಕಲ್ಲ.

ಸೌದಿ ಅರೇಬಿಯಾ, ಸಂಯುಕ್ತ ಅರಬ್ ಸಂಸ್ಥಾನ, ಕತಾರ್, ಕುವೈತ್ ಮುಂತಾದ ಕೊಲ್ಲಿ ರಾಷ್ಟ್ರಗಳ ಸಾಮಾನ್ಯ ಉದ್ಯೋಗ ವೀಸಾಗಳು ಉದ್ಯೋಗದಾತರ ಮೂಲಕವೇ ದೊರೆಯುತ್ತವೆ. ಅವುಗಳಿಗೆ ಈ ಪುಟದ ಅಂಕಗಳ ಮಾಹಿತಿ ಅನ್ವಯಿಸುವುದಿಲ್ಲ.

8. ದಾಖಲೆಗಳು: ಕರ್ನಾಟಕದ ಅರ್ಜಿದಾರರಿಗೆ ವಿಶೇಷ ಸೂಚನೆಗಳು

ಅ) ಹೆಸರು: ರಾಜ್ಯದಲ್ಲಿ ಊರಿನ ಹೆಸರು ಮತ್ತು ತಂದೆಯ ಹೆಸರಿನ ಮೊದಲಕ್ಷರಗಳನ್ನು ಇನಿಷಿಯಲ್ ಆಗಿ ಬಳಸುವುದು ರೂಢಿ. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ಇನಿಷಿಯಲ್, ಪಾಸ್‌ಪೋರ್ಟ್‌ನಲ್ಲಿ ಅದರ ವಿಸ್ತೃತ ರೂಪ, ಪದವಿ ಪ್ರಮಾಣಪತ್ರದಲ್ಲಿ ಮತ್ತೊಂದು ಕ್ರಮ ಇರುವುದುಂಟು. ವಿದೇಶಿ ಅಧಿಕಾರಿಗೆ ಇವು ಬೇರೆ ಬೇರೆ ವ್ಯಕ್ತಿಗಳ ಹೆಸರುಗಳಾಗಿ ಕಾಣಬಹುದು. ಭಾಷಾ ಪರೀಕ್ಷೆಗೆ ಪಾಸ್‌ಪೋರ್ಟ್‌ನಲ್ಲಿರುವಂತೆಯೇ ಹೆಸರು ನೀಡಬೇಕು. ವ್ಯತ್ಯಾಸವಿದ್ದಲ್ಲಿ ಎರಡೂ ಹೆಸರುಗಳು ಒಬ್ಬರವೇ ಎಂಬ ಪ್ರಮಾಣಪತ್ರವನ್ನು ನೋಟರಿಯವರ ಮುಂದೆ ಮಾಡಿಸಿ ಸಿದ್ಧವಾಗಿಟ್ಟುಕೊಳ್ಳುವುದು ಸೂಕ್ತ.

ಆ) ಶೈಕ್ಷಣಿಕ ಮೌಲ್ಯಮಾಪನ: ಕೆನಡಾಕ್ಕೆ ಮಾನ್ಯತೆ ಪಡೆದ ಸಂಸ್ಥೆಯ ವರದಿ ಕಡ್ಡಾಯವಾಗಿದ್ದು, ಅದು ಐದು ವರ್ಷ ಊರ್ಜಿತವಾಗಿರುತ್ತದೆ. ಇದಕ್ಕಾಗಿ ಅಂಕಗಳ ಅಧಿಕೃತ ಪ್ರತಿಯನ್ನು ವಿಶ್ವವಿದ್ಯಾಲಯದಿಂದಲೇ ಕಳುಹಿಸುವಂತೆ ಕೇಳಲಾಗುತ್ತದೆ. ಹಳೆಯ ದಾಖಲೆಗಳಿಗೆ ಹೆಚ್ಚು ಸಮಯ ತಗಲಬಹುದಾದ್ದರಿಂದ ಈ ಕಾರ್ಯವನ್ನು ಮೊದಲೇ ಆರಂಭಿಸಬೇಕು. ಪದವಿಯು ಯಾವ ಮಟ್ಟಕ್ಕೆ ಸಮಾನವೆಂಬುದನ್ನು ಆ ವರದಿಯೇ ನಿರ್ಧರಿಸುತ್ತದೆ.

ಇ) ಭಾಷಾ ಪರೀಕ್ಷೆ: ಕೆನಡಾಕ್ಕೆ ಐಇಎಲ್‌ಟಿಎಸ್‌ನ ಜನರಲ್ ಟ್ರೈನಿಂಗ್ ಪರೀಕ್ಷೆಯನ್ನು ಬರೆಯಬೇಕು. ಅಕಾಡೆಮಿಕ್ ಪರೀಕ್ಷೆಯನ್ನು ಈ ಉದ್ದೇಶಕ್ಕೆ ಪರಿಗಣಿಸುವುದಿಲ್ಲ. ಫಲಿತಾಂಶವು ನೋಂದಣಿಯ ದಿನ ಮತ್ತು ಅರ್ಜಿ ಸಲ್ಲಿಸುವ ದಿನ, ಎರಡೂ ದಿನಗಳಂದು ಎರಡು ವರ್ಷದೊಳಗಿನದಾಗಿರಬೇಕು.

ಈ) ಅನುಭವ ಪತ್ರ: ಹುದ್ದೆಯ ಹೆಸರು ಮಾತ್ರ ಸಾಲದು. ಸೇವೆಯ ಅವಧಿ, ನಿರ್ವಹಿಸಿದ ಕರ್ತವ್ಯಗಳು, ವಾರದ ಕೆಲಸದ ಗಂಟೆಗಳು ಮತ್ತು ವೇತನವನ್ನು ಸಂಸ್ಥೆಯ ಶಿರೋನಾಮೆಯುಳ್ಳ ಹಾಳೆಯಲ್ಲಿ, ಸಹಿಯೊಂದಿಗೆ ನಮೂದಿಸಿರಬೇಕು. ಕೆಲಸ ಬಿಡುವ ಸಂದರ್ಭದಲ್ಲಿಯೇ ಇಂತಹ ಪತ್ರ ಪಡೆಯುವುದು ಒಳಿತು. ಸಂಸ್ಥೆ ಮುಚ್ಚಿಹೋದ ನಂತರ ಇದನ್ನು ಪಡೆಯುವುದು ಕಷ್ಟ.

ಉ) ಹಣದ ರುಜುವಾತು: ಕೆನಡಾದಲ್ಲಿ ಉದ್ಯೋಗವಿಲ್ಲದೆ ತೆರಳುವವರು ಕುಟುಂಬದ ಗಾತ್ರಕ್ಕೆ ತಕ್ಕಂತೆ ನಿಗದಿತ ಹಣವನ್ನು ತೋರಿಸಬೇಕು. ಈ ಮೊತ್ತವನ್ನು ಅಲ್ಲಿನ ಸರ್ಕಾರ ಪ್ರತಿವರ್ಷ ಪರಿಷ್ಕರಿಸುತ್ತದೆ. ಸಾಲ ಪಡೆದ ಹಣವನ್ನು ಮತ್ತು ಮನೆ, ನಿವೇಶನ, ಜಮೀನುಗಳ ಮೌಲ್ಯವನ್ನು ಪರಿಗಣಿಸುವುದಿಲ್ಲ. ಅರ್ಜಿಗೆ ಮುನ್ನ ಹಠಾತ್ತನೆ ಜಮೆಯಾದ ದೊಡ್ಡ ಮೊತ್ತಕ್ಕೆ ವಿವರಣೆ ಕೇಳಬಹುದು.

ಊ) ಪೊಲೀಸ್ ತಪಾಸಣಾ ಪ್ರಮಾಣಪತ್ರ: ಭಾರತದಲ್ಲಿ ವಾಸವಿರುವವರು ಇದಕ್ಕೆ ಪಾಸ್‌ಪೋರ್ಟ್ ಸೇವಾ ವ್ಯವಸ್ಥೆಯ ಮೂಲಕ ಅರ್ಜಿ ಸಲ್ಲಿಸಬೇಕು. ಬೇರೆ ದೇಶಗಳಲ್ಲಿ ವಾಸಿಸಿದ್ದವರು ಆಯಾ ದೇಶದ ಪ್ರಮಾಣಪತ್ರವನ್ನೂ ನೀಡಬೇಕಾಗಬಹುದು.

ಋ) ಭಾಷಾಂತರ: ಕನ್ನಡದಲ್ಲಿರುವ ಜನನ, ವಿವಾಹ ಮುಂತಾದ ಪ್ರಮಾಣಪತ್ರಗಳಿಗೆ ಇಂಗ್ಲಿಷ್ ಭಾಷಾಂತರ ಲಗತ್ತಿಸಬೇಕು. ಭಾಷಾಂತರವನ್ನು ಅರ್ಜಿದಾರರಾಗಲಿ ಅವರ ಕುಟುಂಬದವರಾಗಲಿ ಮಾಡಬಾರದು.

9. ಕುಟುಂಬದ ಸದಸ್ಯರು

ಪತಿಯೇ ಪ್ರಧಾನ ಅರ್ಜಿದಾರರಾಗಬೇಕೆಂಬ ನಿಯಮ ಯಾವ ದೇಶದಲ್ಲಿಯೂ ಇಲ್ಲ. ದಂಪತಿಗಳಿಬ್ಬರ ಅಂಕಗಳನ್ನೂ ಪ್ರತ್ಯೇಕವಾಗಿ ಲೆಕ್ಕ ಹಾಕಿ, ಹೆಚ್ಚು ಅಂಕ ಬರುವವರ ಹೆಸರಿನಲ್ಲಿ ಪ್ರಯತ್ನಿಸುವುದು ಲಾಭಕರ. ಕೆನಡಾದಲ್ಲಿ 22 ವರ್ಷದೊಳಗಿನ ಅವಿವಾಹಿತ ಮಕ್ಕಳನ್ನು ಅವಲಂಬಿತರೆಂದು ಸೇರಿಸಬಹುದು. ತಂದೆ ತಾಯಿಯರನ್ನು ಈ ಅರ್ಜಿಯಲ್ಲಿ ಸೇರಿಸಲು ಅವಕಾಶವಿಲ್ಲ. ವೃದ್ಧ ಪೋಷಕರ ಜವಾಬ್ದಾರಿ ಇರುವವರು ಇದನ್ನು ಮುಂಚಿತವಾಗಿಯೇ ಆಲೋಚಿಸಬೇಕು. ಜೊತೆಗೆ ಬಾರದ ಪತಿ, ಪತ್ನಿ ಮತ್ತು ಮಕ್ಕಳ ವಿವರವನ್ನೂ ಅರ್ಜಿಯಲ್ಲಿ ನಮೂದಿಸಬೇಕು. ಬಿಟ್ಟಲ್ಲಿ ಮುಂದೆ ಅವರನ್ನು ಕರೆಸಿಕೊಳ್ಳಲು ತೀವ್ರ ತೊಡಕಾಗಬಹುದು.

10. ಮಧ್ಯವರ್ತಿಗಳು ಮತ್ತು ವಂಚನೆ

ಅರ್ಜಿದಾರರು ಮಧ್ಯವರ್ತಿಗಳ ನೆರವಿಲ್ಲದೆ ಸ್ವತಃ ಅರ್ಜಿ ಸಲ್ಲಿಸಬಹುದು. ಕೆನಡಾದ ಎಕ್ಸ್‌ಪ್ರೆಸ್ ಎಂಟ್ರಿ ಪಟ್ಟಿಗೆ ಹಾಗೂ ಆಸ್ಟ್ರೇಲಿಯಾದ ಸ್ಕಿಲ್‌ಸೆಲೆಕ್ಟ್‌ಗೆ ಹೆಸರು ನೋಂದಾಯಿಸಲು ಆ ಸರ್ಕಾರಗಳು ಯಾವುದೇ ಶುಲ್ಕ ಪಡೆಯುವುದಿಲ್ಲ. ಸರ್ಕಾರಿ ನೋಂದಣಿ ಶುಲ್ಕವೆಂದು ಈ ಹಂತದಲ್ಲಿ ಹಣ ಕೇಳಿದಲ್ಲಿ ಅದು ಮಧ್ಯವರ್ತಿಯ ಶುಲ್ಕವೆಂದು ತಿಳಿಯಬೇಕು.

ಹಣ ಪಡೆದು ಕೆನಡಾದ ಅರ್ಜಿದಾರರನ್ನು ಪ್ರತಿನಿಧಿಸುವವರು ಅಲ್ಲಿನ ವಲಸೆ ಮತ್ತು ಪೌರತ್ವ ಸಲಹೆಗಾರರ ಕಾಲೇಜಿನ, ಪ್ರಾಂತೀಯ ವಕೀಲರ ಸಂಘದ ಅಥವಾ ಕೆಬೆಕ್‌ನ ನೋಟರಿಗಳ ಮಂಡಳಿಯ ಸದಸ್ಯರಾಗಿರಬೇಕು. ಸದಸ್ಯತ್ವವನ್ನು ಆ ಸಂಸ್ಥೆಗಳ ಅಧಿಕೃತ ಪಟ್ಟಿಯಲ್ಲಿ ಪರಿಶೀಲಿಸಬಹುದು. ಆಸ್ಟ್ರೇಲಿಯಾದಲ್ಲಿ ವಲಸೆ ಏಜೆಂಟರ ನೋಂದಣಿಗೆ ಪ್ರತ್ಯೇಕ ಪ್ರಾಧಿಕಾರವಿದೆ. ವಿದೇಶದಲ್ಲಿ ಉದ್ಯೋಗ ಕೊಡಿಸುವುದಾಗಿ ನೇಮಕಾತಿ ನಡೆಸುವವರು ಭಾರತದ 1983ರ ವಲಸೆ ಅಧಿನಿಯಮದಡಿ ನೋಂದಣಿ ಹೊಂದಿರಬೇಕು.

ಈ ಕೆಳಕಂಡ ಭರವಸೆಗಳು ವಂಚನೆಯ ಲಕ್ಷಣಗಳಾಗಿವೆ:

ಅ) ವೀಸಾ ಖಚಿತವೆಂದು ಬರೆದುಕೊಡುವುದು.
ಆ) ಹಣಕ್ಕೆ ಅನುಭವ ಪತ್ರ, ಉದ್ಯೋಗ ಪತ್ರ ಅಥವಾ ಭಾಷಾ ಫಲಿತಾಂಶ ಒದಗಿಸುವುದಾಗಿ ಹೇಳುವುದು.
ಇ) ಖಾತೆಯ ಬಳಕೆದಾರ ಹೆಸರು ಮತ್ತು ಪಾಸ್‌ವರ್ಡ್‌ಗಳನ್ನು ಅರ್ಜಿದಾರರಿಗೆ ನೀಡಲು ನಿರಾಕರಿಸುವುದು.
ಈ) ರಸೀದಿ ಅಥವಾ ಲಿಖಿತ ಒಪ್ಪಂದವಿಲ್ಲದೆ ನಗದು ಕೇಳುವುದು.

ಅರ್ಜಿಯಲ್ಲಿನ ವಿವರಗಳಿಗೆ ಅರ್ಜಿದಾರರೇ ಹೊಣೆ. ಮಧ್ಯವರ್ತಿಯು ತನಗೆ ತಿಳಿಯದಂತೆ ಸುಳ್ಳು ವಿವರ ಸೇರಿಸಿದನೆಂಬ ಸಮಜಾಯಿಷಿಯನ್ನು ಸಾಮಾನ್ಯವಾಗಿ ಒಪ್ಪುವುದಿಲ್ಲ. ಸುಳ್ಳು ಮಾಹಿತಿ ನೀಡಿದ್ದು ಕಂಡುಬಂದಲ್ಲಿ ಕೆನಡಾ ಐದು ವರ್ಷಗಳ ಕಾಲ ಪ್ರವೇಶ ನಿಷೇಧಿಸುತ್ತದೆ. ವಂಚನೆಗೊಳಗಾದವರು ಸಮೀಪದ ಪೊಲೀಸ್ ಠಾಣೆಗೆ ದೂರು ನೀಡಬಹುದು. ಆನ್‌ಲೈನ್ ಮೂಲಕ ಹಣ ಕಳೆದುಕೊಂಡಿದ್ದಲ್ಲಿ ತಡಮಾಡದೆ 1930 ಸಹಾಯವಾಣಿಗೆ ಕರೆ ಮಾಡಬೇಕು. ಸೇವಾ ನ್ಯೂನತೆಯ ಪ್ರಕರಣಗಳನ್ನು ಗ್ರಾಹಕರ ಆಯೋಗದ ಮುಂದೆ ತರಬಹುದು.

11. ಸಾಮಾನ್ಯವಾಗಿ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಶ್ರೇಯಾಂಕ ಸಾಲದವರಿಗೆ ಬೇರೆ ಮಾರ್ಗವಿದೆಯೇ?
ಉತ್ತರ: ಪ್ರಾಂತೀಯ ಅಥವಾ ರಾಜ್ಯ ನಾಮನಿರ್ದೇಶನ, ವೃತ್ತಿ ಅಥವಾ ಭಾಷೆ ಆಧಾರಿತ ಸುತ್ತುಗಳು ಮತ್ತು ಭಾಷಾ ಫಲಿತಾಂಶದ ಸುಧಾರಣೆ ಮುಖ್ಯ ಮಾರ್ಗಗಳು. ನಾಮನಿರ್ದೇಶನ ಬಯಸುವವರಿಗೆ ಆ ಪ್ರಾಂತ್ಯದಲ್ಲಿಯೇ ನೆಲೆಸುವ ಪ್ರಾಮಾಣಿಕ ಉದ್ದೇಶವಿರಬೇಕು.

ಪ್ರಶ್ನೆ: ಇಬ್ಬರಿಗೆ ಸಮಾನ ಅಂಕವಿದ್ದಲ್ಲಿ ಯಾರಿಗೆ ಆದ್ಯತೆ?
ಉತ್ತರ: ಕೆನಡಾದಲ್ಲಿ ಮೊದಲು ನೋಂದಾಯಿಸಿದವರಿಗೆ. ಆದ್ದರಿಂದ ದಾಖಲೆಗಳು ಸಿದ್ಧವಿದ್ದಲ್ಲಿ ನೋಂದಣಿ ವಿಳಂಬಿಸಬಾರದು.

ಪ್ರಶ್ನೆ: ಪ್ರಮಾಣಪತ್ರಗಳಿಗೆ ಅಪೊಸ್ಟೀಲ್ ಮಾಡಿಸಬೇಕೇ?
ಉತ್ತರ: ಆಯಾ ದೇಶ ಅಥವಾ ಸಂಸ್ಥೆ ಕೇಳಿದಲ್ಲಿ ಮಾತ್ರ. ಅನಗತ್ಯವಾಗಿ ಮಾಡಿಸಿ ಹಣ ವ್ಯಯಿಸಬೇಕಿಲ್ಲ.

ಪ್ರಶ್ನೆ: ಕಾಯಂ ವಾಸ ಪಡೆದಲ್ಲಿ ಭಾರತದ ಪೌರತ್ವ ಹೋಗುತ್ತದೆಯೇ?
ಉತ್ತರ: ಇಲ್ಲ. ಆದರೆ ಸ್ವಇಚ್ಛೆಯಿಂದ ವಿದೇಶಿ ಪೌರತ್ವ ಪಡೆದಲ್ಲಿ 1955ರ ಪೌರತ್ವ ಅಧಿನಿಯಮದ 9ನೇ ಪ್ರಕರಣದನ್ವಯ ಭಾರತದ ಪೌರತ್ವ ಕೊನೆಗೊಳ್ಳುತ್ತದೆ ಮತ್ತು ಭಾರತೀಯ ಪಾಸ್‌ಪೋರ್ಟ್ ಹಿಂದಿರುಗಿಸಬೇಕಾಗುತ್ತದೆ.

ಪ್ರಶ್ನೆ: ಕಾಯಂ ವಾಸ ಪಡೆದು ಊರಿನಲ್ಲಿಯೇ ಇರಬಹುದೇ?
ಉತ್ತರ: ಕೆನಡಾದ ಕಾಯಂ ನಿವಾಸಿಗಳು ಸಾಮಾನ್ಯವಾಗಿ ಪ್ರತಿ ಐದು ವರ್ಷಗಳಲ್ಲಿ 730 ದಿನಗಳನ್ನು ಅಲ್ಲಿ ಕಳೆದಿರಬೇಕು. ಇಲ್ಲದಿದ್ದಲ್ಲಿ ಆ ಸ್ಥಾನಮಾನ ಕಳೆದುಕೊಳ್ಳುವ ಸಂಭವವಿದೆ.

ಪ್ರಶ್ನೆ: ಉದ್ಯೋಗಕ್ಕೆ ಯಾವಾಗ ರಾಜೀನಾಮೆ ನೀಡಬಹುದು?
ಉತ್ತರ: ಅಂಕ, ನೋಂದಣಿ, ಆಹ್ವಾನ ಈ ಮೂರೂ ವೀಸಾ ಅಲ್ಲ. ಅಂತಿಮ ಅನುಮೋದನೆ ಕೈಸೇರುವವರೆಗೆ ರಾಜೀನಾಮೆ ನೀಡುವುದಾಗಲಿ ಸ್ಥಿರಾಸ್ತಿ ಮಾರುವುದಾಗಲಿ ಸೂಕ್ತವಲ್ಲ.

12. ಸೂಚನೆ

ಈ ಮಾಹಿತಿಯನ್ನು ಸಾರ್ವಜನಿಕರ ತಿಳಿವಳಿಕೆಗಾಗಿ ಮಾತ್ರ ನೀಡಲಾಗಿದೆ. ವಲಸೆಯ ತೀರ್ಮಾನ ಸಂಪೂರ್ಣವಾಗಿ ಆಯಾ ದೇಶದ ಸರ್ಕಾರಕ್ಕೆ ಸೇರಿದ್ದು, ಅಂಕಗಳು, ಶುಲ್ಕಗಳು ಮತ್ತು ವೃತ್ತಿಪಟ್ಟಿಗಳು ಪರಿಷ್ಕರಣೆಗೆ ಒಳಪಟ್ಟಿರುತ್ತವೆ. ಅರ್ಜಿದಾರರು ಹಣ ಪಾವತಿಸುವ ಮುನ್ನ ಆ ದೇಶದ ಅಧಿಕೃತ ಸರ್ಕಾರಿ ಜಾಲತಾಣದಲ್ಲಿ ನಿಯಮಗಳನ್ನು ಪರಿಶೀಲಿಸಿ, ಅಲ್ಲಿ ಉಚಿತವಾಗಿ ಒದಗಿಸಿರುವ ಅಂಕ ಗಣಕವನ್ನು ಬಳಸಿ ತಮ್ಮ ಅಂಕವನ್ನು ತಾವೇ ಲೆಕ್ಕ ಹಾಕಿಕೊಳ್ಳುವುದು. ದಾಖಲೆಯಿಂದ ರುಜುವಾತುಪಡಿಸಲು ಸಾಧ್ಯವಾಗುವ ಅಂಕಗಳನ್ನು ಮಾತ್ರ ಘೋಷಿಸಿಕೊಳ್ಳತಕ್ಕದ್ದು.